ದಿಬ್ಬದೂರಿನಲ್ಲಿ ರಾಜೀವಿ ಟೀಚರ್

ಉಡುಪಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದ ರಾಜೀವಿ ಟೀಚರ್ ಮಕ್ಕಳಿಗೆ ಪ್ರತಿವರ್ಷ ಹೇಳುತ್ತಿದ್ದರು, ನೆದರ್‌ಲ್ಯಾಂಡ್ಸಿನವರು ಒಡ್ಡು ಕಟ್ಟಿ ಕಡಲನ್ನೇ ತಡೆದವರೆಂದು. ಅದೇ ದೇಶದ ಗ್ರೋನಿಂಗನ್ನಿನಲ್ಲಿ ಮಣ್ಣಿನ ಸಂಶೋಧನೆ ಮಾಡುವ ಮಗಳು ಸಂಪ್ರೀತಾಳ ಮನೆಗೆ ಬಂದವರು ಮೊದಲು ಕೇಳಿದ್ದೂ ಆ ಒಡ್ಡನ್ನೇ.

"ಅದನ್ನು ಆಮೇಲೆ ನೋಡುವಾ ಅಮ್ಮ. ಮೊದಲು ನಾನು ಕೆಲಸ ಮಾಡುವ ಹಳ್ಳಿಗೆ ಹೋಗುವಾ" ಎಂದಳು ಮಗಳು.

ಹಳ್ಳಿಯ ಹೆಸರು ಓಲ್ಡೆವೀರ್ಡ್. ಸುತ್ತ ಹಲಗೆಯಂತೆ ಸಪಾಟಾದ ಹೊಲ, ನಡುವೆ ಒಂದೇ ಒಂದು ದಿಬ್ಬ. ಅದರ ಮೇಲೆ ನಲವತ್ತು ಮನೆ, ಒಂದು ಹಳೇ ಇಗರ್ಜಿ. ಊರಿನ ಚರಿತ್ರೆಯನ್ನೆಲ್ಲ ಬಾಯಲ್ಲಿಟ್ಟುಕೊಂಡಿದ್ದ ಆಫ್ಕೆ ಎಂಬ ಅಜ್ಜಿ ಅವರನ್ನು ದಿಬ್ಬದ ಹಿಂಬದಿಗೆ ಕರೆದೊಯ್ದರು. ನೂರು ವರ್ಷದ ಹಿಂದೆ ಗೊಬ್ಬರಕ್ಕೆಂದು ಅಲ್ಲಿನ ಮಣ್ಣನ್ನು ಕಡಿದು ದೋಣಿಗಳಲ್ಲಿ ಸಾಗಿಸಿದ್ದರಂತೆ. ಕಡಿದ ಜಾಗದಲ್ಲಿ ಪದರದ ಮೇಲೆ ಪದರ ಕಾಣುತ್ತಿತ್ತು. ರಾಜೀವಿ ಕಪ್ಪು ಪದರವೊಂದನ್ನು ಬೆರಳಲ್ಲಿ ತಿಕ್ಕಿದರು.

"ಇದು ಸೆಗಣಿ ಅಲ್ವಾ ಮಾರಾಯ್ತಿ?"

"ಹೌದಮ್ಮ. ಇದು ಗುಡ್ಡವೇ ಅಲ್ಲ. ಕಡಲು ಉಕ್ಕಿದಾಗ ಮನೆ ಮುಳುಗದ ಹಾಗೆ ಎರಡು ಸಾವಿರ ವರ್ಷದ ಹಿಂದಿನವರು ಜೇಡಿ, ಸೆಗಣಿ, ಬೂದಿ ಹೊತ್ತು ತಂದು ಹಾಕಿ ಎತ್ತರಿಸಿದ್ದು. ಒಡ್ಡು ಬಂದದ್ದು ಸಾವಿರ ವರ್ಷ ಕಳೆದ ಮೇಲೆ."

ರಾಜೀವಿ ಬೆರಳಿಗೆ ಹತ್ತಿದ ಕಪ್ಪನ್ನು ನೋಡಿಕೊಂಡರು. "ಹಾಗಾದ್ರೆ ನಾನು ಇಷ್ಟು ವರ್ಷ ಅರ್ಧ ಪಾಠವೇ ಮಾಡಿದ್ದು" ಎಂದರು.

ಅಷ್ಟರಲ್ಲಿ ಪ್ರತಿ ಬುಧವಾರದಂತೆ ಪಕ್ಕದೂರಿನ ಶಾಲೆಯಿಂದ ಹತ್ತು ಮಕ್ಕಳು ದಿಬ್ಬ ನೋಡಲು ಬಂದರು. ಅವರಿಗೆ ಕಥೆ ಹೇಳಬೇಕಾದ ಆಫ್ಕೆಗೆ ಶೀತವಾಗಿ ಗಂಟಲು ಕಟ್ಟಿತ್ತು. ಎರಡು ಮಾತಿಗೇ ಕೆಮ್ಮು. ಮಕ್ಕಳು ಒಬ್ಬರನ್ನೊಬ್ಬರು ತಳ್ಳಾಡತೊಡಗಿದರು. ರಾಜೀವಿಗೆ ತಡೆಯಲಾಗಲಿಲ್ಲ.

"ಒಂದು ದೊಡ್ಡ ಟ್ರೇ, ಒಂದು ಬಕೆಟ್ ನೀರು ಉಂಟಾ ಕೇಳು. ನಾನು ಹೇಳಿದ್ದನ್ನು ನೀನು ಡಚ್ಚಿನಲ್ಲಿ ಹೇಳು."

ಟ್ರೇಯಲ್ಲಿ ಬೆಂಕಿಪೆಟ್ಟಿಗೆಯ ಮನೆ ಇಟ್ಟು ನೀರು ಹೊಯ್ದರು. ಮನೆ ತೇಲಿತು. "ಈಗ ಎಂತ ಮಾಡ್ತೀರಿ?"

"ಸುತ್ತ ಒಡ್ಡು ಕಟ್ಟುತ್ತೇವೆ!" ಎಂದು ಮಕ್ಕಳು ಕೂಗಿದರು.

"ಕಡಲಿನುದ್ದಕ್ಕೂ ಒಡ್ಡು ಹಾಕ್ಲಿಕ್ಕೆ ಸಾವಿರ ಜನ ಬೇಕು. ನೀವು ಹತ್ತೇ ಜನ."

ಕೆಂಪು ಜಾಕೆಟ್ಟಿನ ಹುಡುಗಿಯೊಬ್ಬಳು ಮೊಣಕಾಲೂರಿ, ಹಿಡಿಮಣ್ಣು ತೆಗೆದು ಮನೆಯ ಕೆಳಗೆ ಒತ್ತಿದಳು. ಮತ್ತೊಂದು ಹಿಡಿ, ಮಗದೊಂದು ಹಿಡಿ. ಉಳಿದವರೂ ಕೈಹಾಕಿದರು. ರಾಜೀವಿ ಮತ್ತೆ ನೀರು ಹೊಯ್ದರು. ಈ ಸಲ ಮನೆ ಕದಲಲಿಲ್ಲ.

"ಅದೇ ನೋಡಿ" ಎಂದು ಅವರು ಕಾಲಿನಿಂದ ನೆಲ ತಟ್ಟಿದರು. "ನಿಮ್ಮಷ್ಟೇ ಸಣ್ಣ ಗುಂಪು ಮಾಡಿದ್ದು ಇದು."

ಮಕ್ಕಳೆಲ್ಲ ತಮ್ಮ ಕಾಲಡಿ ನೋಡಿಕೊಂಡರು. ಆಫ್ಕೆ ಕಟ್ಟಿದ ಗಂಟಲಲ್ಲೇ ಏನೋ ಪಿಸುಗುಟ್ಟಿದರು.

"ಎಂತ ಹೇಳಿದ್ರು?"

"ಈ ದಿಬ್ಬದ ಕಥೆ ನಲವತ್ತು ವರ್ಷದಿಂದ ಹೇಳ್ತಾ ಇದ್ದಾರಂತೆ. ಮಕ್ಕಳು ಕಾಲಡಿ ನೋಡಿದ್ದು ಇವತ್ತೇ ಮೊದಲಂತೆ."

ರಾಜೀವಿ ಕೆಸರು ಕೈಯಲ್ಲೇ ಆ ಅಜ್ಜಿಯ ಕೈ ಹಿಡಿದುಕೊಂಡರು. "ಕಟ್ಟಿದವರು ಇವರ ಹಿರಿಯರು. ನಾನು ಬರೀ ನೀರು ಹೊಯ್ದದ್ದು ಅಂತ ಹೇಳು" ಎಂದರು.

ಊರಿಗೆ ಮರಳುವ ಮೊದಲು ಇನ್ನೂ ಮೂರು ಬುಧವಾರಗಳಿದ್ದವು. ಮೂರೂ ಸಲ ಅದೇ ಪಾಠಕ್ಕೆ ಶಾಲೆಯವರೇ ರಾಜೀವಿಯನ್ನು ದಿಬ್ಬಕ್ಕೆ ಕರೆಸಿಕೊಂಡರು. ಕೊನೆಯ ಬುಧವಾರ ಮಗಳಿಗೆ ರಜೆ ಸಿಗಲಿಲ್ಲ. ರಾಜೀವಿ ಟೀಚರ್ ಬೆಂಕಿಪೆಟ್ಟಿಗೆಯೊಂದನ್ನು ಚೀಲಕ್ಕೆ ಹಾಕಿಕೊಂಡು ಒಬ್ಬರೇ ಬಸ್ಸು ಹತ್ತಿ ಓಲ್ಡೆವೀರ್ಡಿಗೆ ಹೋಗಿಬಂದರು.