ಹೆಡ್‌ಮೇಷ್ಟ್ರ ಬೀರುವಿನ ಕೀಲಿ

ನಮ್ಮ ಗುಡ್ಡದ ಶಾಲೆಯ ಹೆಡ್‌ಮೇಷ್ಟ್ರು ದೇವರಂಥ ಮನುಷ್ಯ. ಅದೇ ತೊಂದರೆ. ಆರು ತಿಂಗಳ ಹಿಂದೆ ನರ್ಸಮ್ಮ ಜೀಪಿನಲ್ಲಿ ಬಂದು ಹುಡುಗಿಯರಿಗೆಂದು ಎರಡು ಪೆಟ್ಟಿಗೆ ಪ್ಯಾಡು ಕೊಟ್ಟುಹೋದರು. ಮೇಷ್ಟ್ರು ಅವನ್ನು ತಮ್ಮ ಕೋಣೆಯ ಬೀರುವಿನಲ್ಲಿಟ್ಟು, ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಬೇಕಾದವರು ಬಂದು ಕೇಳಿ ಎಂದರು. ಯಾವ ಹುಡುಗಿ ಕೇಳುತ್ತಾಳೆ? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ನಾನು ಆ ಶಾಲೆಯ ಆಯಾ. ನನ್ನ ಬಾಯಿಗೆ ಊರೇ ಹೆದರುತ್ತದೆ, ಎಂಟನೇ ಕ್ಲಾಸಿನ ನನ್ನ ಮೊಮ್ಮಗಳೊಬ್ಬಳನ್ನು ಬಿಟ್ಟು. ಸೋಮವಾರ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಾ ಅಂದಳು:

"ಅಜ್ಜಿ, ಗುರುವಾರ ನಾನು ಲೆಕ್ಕದ ಪರೀಕ್ಷೆಗೆ ಹೋಗಲ್ಲ. ಅವತ್ತೇ ಮುಟ್ಟು ಬರುತ್ತೆ."

"ವರ್ಷದ ಪರೀಕ್ಷೆ ಕಣೇ! ಬರೀದಿದ್ರೆ ಫೇಲು."

"ಮೂರು ಗಂಟೆ ಕೂತಿರ್ಬೇಕು. ಬಟ್ಟೆ ನಂಬ್ಕೊಂಡು ಹೇಗೆ ಕೂರಲಿ?"

"ಮೇಷ್ಟ್ರನ್ನ ಕೇಳು."

"ನೀನೇ ಕೇಳು ನೋಡೋಣ!"

ಪೊರಕೆ ಹಿಡಿದು ಮೇಷ್ಟ್ರ ಕೋಣೆಗೆ ಹೋದೆ. ಮೊದಲ ಸಲ ಹೋಗಿ ಸೀಮೆಸುಣ್ಣ ಕೇಳಿ ಬಂದೆ. ಎರಡನೇ ಸಲ ಗಂಟೆ ಎಷ್ಟಾಯಿತೆಂದು ಕೇಳಿದೆ. ದಿನಾ ಗಂಟೆ ಹೊಡೆಯುವವಳೇ ನಾನು! ನನ್ನ ಮೇಲೆ ನನಗೇ ಸಿಟ್ಟು ಬಂತು. ಮೂರನೇ ಸಲ ಕಣ್ಣು ಮುಚ್ಚಿ ಹೇಳಿಯೇಬಿಟ್ಟೆ:

"ಸಾರ್, ಆ ಬೀರು ಕೀಲಿ ಕೊಡಿ. ನಿಮ್ಮನ್ನ ಕೇಳೋಕೆ ನಾಚ್ಕೊಂಡು ಹುಡುಗೀರು ತಿಂಗಳಿಗೆ ನಾಲ್ಕು ದಿನ ಮನೇಲಿ ಕೂರ್ತಿದಾರೆ."

ಮೇಷ್ಟ್ರ ಕಿವಿ ಕೆಂಪಾಯಿತು. "ಅಯ್ಯೋ, ಒಂದೂ ಕಳೆದಿಲ್ಲ ಅಂತ ನಾನು ಖುಷಿಯಾಗಿದ್ನಲ್ಲಮ್ಮ!" ಎಂದು ಕೀಲಿಯನ್ನು ನನ್ನ ಕೈಗಿಟ್ಟು, "ಇನ್ಮೇಲೆ ಇದು ನಿಮ್ಮ ಹತ್ರಾನೇ ಇರ್ಲಿ" ಎಂದರು.

ಮಧ್ಯಾಹ್ನ ಹುಡುಗಿಯರನ್ನೆಲ್ಲ ಸಾಮಾನಿನ ಕೋಣೆಗೆ ಕರೆದೆ. ಒಂದು ಪ್ಯಾಡು ಬಿಚ್ಚಿ, ಎಲ್ಲ ತಿಳಿದವಳ ಹಾಗೆ, "ಈ ಅಂಟಿರೋ ಕಡೆ ಮೈಗೆ ಬರ್ಬೇಕು" ಎಂದೆ.

ಕವರಿನ ಮೇಲಿದ್ದುದನ್ನು ಓದುತ್ತಿದ್ದ ಮೊಮ್ಮಗಳು ಕಿರುಚಿದಳು: "ಅಜ್ಜೀ! ಅಂಟು ಚಡ್ಡಿಗೆ, ಮೈಗಲ್ಲ!"

ಹುಡುಗಿಯರು ಬಿದ್ದೂ ಬಿದ್ದೂ ನಕ್ಕರು. ನಾನೂ ನಕ್ಕೆ. ಬಟ್ಟೆಯಲ್ಲೇ ಆಯಸ್ಸು ಕಳೆದವಳಿಗೆ ಇದೆಲ್ಲ ಎಲ್ಲಿ ಗೊತ್ತು? ಆಮೇಲೆ ಅವಳೇ ಪಾಠ ಮಾಡಿದಳು: ನಾಲ್ಕೈದು ಗಂಟೆಗೊಮ್ಮೆ ಬದಲಿಸಿ, ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ, ಕೈ ತೊಳೀರಿ. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ.

ಗುರುವಾರ ಪರೀಕ್ಷೆ ಶುರುವಾದ ಮೇಲೆ ಕಿಟಕಿಯಲ್ಲಿ ಇಣುಕಿದೆ. ಮೊಮ್ಮಗಳು ಮೊದಲ ಬೆಂಚಿನಲ್ಲಿ ತಲೆಯೆತ್ತದೆ ಬರೆಯುತ್ತಿದ್ದಳು. ಈ ಮುಟ್ಟಿನ ಕಾರಣಕ್ಕೇ ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಅವಳು ಎದ್ದು ನಿಂತು, ಇಡೀ ಕೋಣೆಗೆ ಕೇಳುವಂತೆ, ಪರೀಕ್ಷೆ ಕಾಯುತ್ತಿದ್ದ ಹೆಡ್‌ಮೇಷ್ಟ್ರನ್ನು ಕೇಳಿದಳು:

"ಸಾರ್, ಇನ್ನೊಂದು ಹಾಳೆ ಕೊಡಿ!"