ಜೇನಿಗೆ ಕಟ್ಟಿದ ಕರಿಬಟ್ಟೆ

ಈ ಕಥೆಯನ್ನು ಮೊದಲು ಹೇಳಿದವನು ಹೋಬರ್ಟ್ ಕ್ವೆಸೆನ್‌ಬೆರಿ. ೧೯೭೧ರ ಅಕ್ಟೋಬರಿನ ಒಂದು ಸಂಜೆ, ವರ್ಜೀನಿಯಾದ ಬೆಟ್ಟಸೀಮೆಯಲ್ಲಿ, ಸಿಹಿಜೋಳದ ದಂಟಿನ ರಸ ಕುದಿಯುತ್ತಿದ್ದ ಕೊಪ್ಪರಿಗೆಯ ಬಳಿ. ಮೊಕದ್ದಮೆ ನಡೆದಾಗ ಅವನು ಜ್ಯೂರಿಯಲ್ಲಿ ಕುಳಿತಿದ್ದವನು. ಅಲ್ಮೀಡಾಳ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಆಕೆಯೇ ಆಮೇಲೆ ಅವನ ಹೆಂಡತಿಗೆ ಹೇಳಿದ್ದಳಂತೆ.

ಅಲ್ಮೀಡಾ ಏಕರ್ಸ್ ಮದುವೆಯಾಗದ ಹೆಂಗಸು. ತಂದೆಯಿಂದ ಬಂದ ಜೇನುಪೆಟ್ಟಿಗೆಗಳನ್ನು ಅಣ್ಣ ಪೋಸಿಯೊಡನೆ ನೋಡಿಕೊಂಡಿದ್ದಳು. ಬೇಲಿಯಾಚೆ ರಾಯ್ಸ್ಟನ್ ಹೇಲನ ಸೇಬಿನ ತೋಟ. ಚಳಿಗಾಲವೆಲ್ಲ ಹಾಸಿಗೆ ಹಿಡಿದಿದ್ದ ಪೋಸಿ ವಸಂತದಲ್ಲಿ ತೀರಿಕೊಂಡ. ಅವನನ್ನು ಮಣ್ಣು ಮಾಡಿದ ಮರುದಿನವೇ ಜೇನುಗಳು ಪೆಟ್ಟಿಗೆಗಳ ಮುಂದೆ ರಾಶಿರಾಶಿಯಾಗಿ ಸತ್ತು ಬಿದ್ದವು. ಪೋಸಿಯ ಅಂತ್ಯಸಂಸ್ಕಾರಕ್ಕೆಂದು ಬೆಟ್ಟದ ಜನರೆಲ್ಲ ಚರ್ಚಿನಲ್ಲಿದ್ದ ಹೊತ್ತು ನೋಡಿ, ಹೂವು ತುಂಬಿದ ತೋಟದ ಮೇಲೆ ಹೇಲ್ ವಿಮಾನದಿಂದ ಹುಳು ಕೊಲ್ಲುವ ವಿಷದ ಪುಡಿ ಸುರಿಸಿದನೆಂದು ಅಲ್ಮೀಡಾ ದಾವೆ ಹೂಡಿದಳು. ಹೂ ಅರಳುವ ಮುಂಚೆಯೇ ಆ ಕೆಲಸ ಮುಗಿದಿತ್ತು, ರೋಗಿಯ ಆರೈಕೆಯಲ್ಲಿ ಮೈಮರೆತು ಆಕೆಯೇ ಜೇನುಗಳನ್ನು ಉಪವಾಸ ಕೆಡವಿ ಕೊಂದಳು ಎಂದ ಹೇಲ್. ವಿಮಾನವನ್ನು ಕಂಡವರು ಯಾರೂ ಇರಲಿಲ್ಲ.

ಸತ್ತ ಜೇನಿಗಿಂತ ಆ ಮಾತು ಅವಳನ್ನು ಹೆಚ್ಚು ಸುಟ್ಟಿತು. ಹಿಟ್ಟಿನ ಗಿರಣಿಯಲ್ಲೂ ಚರ್ಚಿನ ಮೆಟ್ಟಿಲಲ್ಲೂ ಜನ ಅವಳನ್ನು ನೋಡುವ ನೋಟ ಬದಲಾಗಿತ್ತು. ತಾನು ಜೇನನ್ನು ಕೊಂದವಳಲ್ಲ ಎಂದು ತುಂಬಿದ ನ್ಯಾಯಾಲಯದಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ವಿಚಾರಣೆ ಬಂದದ್ದು ಫೆಬ್ರವರಿಯಲ್ಲಿ. ಹೇಲನ ಪರವಾಗಿ ರಿಚ್ಮಂಡ್ ಪಟ್ಟಣದ ಥೇಯರ್ ಎಂಬ ವಕೀಲ ನಿಂತಿದ್ದ. ಅಣ್ಣ ತೀರಿಕೊಂಡ ದಿನ ಏನೇನು ಮಾಡಿದಿರಿ ಎಂದು ಅವನು ಕೆದಕಿದ. ಅಣ್ಣನ ಕಣ್ಣು ಮುಚ್ಚಿದೆ, ಸಾವಿನ ಮನೆಯ ಪದ್ಧತಿಯಂತೆ ಗಡಿಯಾರ ನಿಲ್ಲಿಸಿದೆ, ಆಮೇಲೆ ಜೇನಿನ ಹತ್ತಿರ ಹೋದೆ ಎಂದಳು ಅಲ್ಮೀಡಾ.

"ಜೇನಿನ ಹತ್ರ ಯಾಕಮ್ಮಾ?"

"ಹೇಳೋಕೆ, ಸ್ವಾಮಿ. ಮನೇಲಿ ಸಾವಾದ್ರೆ ಮೊದ್ಲು ಅವಕ್ಕೆ ಹೇಳ್ಬೇಕು. ಇಲ್ದಿದ್ರೆ ಮುನಿಸ್ಕೊಂಡು ಹೊರಟೋಗ್ತಾವೆ."

ಥೇಯರ್ ಜ್ಯೂರಿಯತ್ತ ತಿರುಗಿ ನಕ್ಕ. ಜ್ಯೂರಿ ನಗಲಿಲ್ಲ. ಅಪ್ಪ ಸತ್ತ ದಿನ ತಾನೂ ಪೆಟ್ಟಿಗೆಗಳನ್ನು ತಟ್ಟಿ ಸುದ್ದಿ ಹೇಳಿದ್ದು ಹೋಬರ್ಟನಿಗೆ ನೆನಪಾಗಿತ್ತು. ಪಟ್ಟಣದ ವಕೀಲನಿಗೆ ಅದೊಂದೂ ಕಾಣಲಿಲ್ಲ.

"ಸುದ್ದಿ ಕೇಳಿ ಅವೂ ಅತ್ವೇನು? ಕರಿಬಟ್ಟೆ ಗಿರಿಬಟ್ಟೆ ಉಡಿಸಿದ್ರಾ?"

"ಒಂದೊಂದು ಪೆಟ್ಟಿಗೆಗೂ ಕಟ್ಟಿದೆ. ಮಣ್ಣು ಮಾಡಿ ಬಂದ ಸಂಜೆ ಬಿಚ್ಚಿದೆ."

"ಎಲ್ಲಿದಾವೆ ಆ ಬಟ್ಟೆ? ನಾವೂ ಕಣ್ತುಂಬ ನೋಡೋಣ."

ಆಕೆಯ ವಕೀಲ ಶೈವ್ಲಿ ಥಟ್ಟನೆ ತಲೆಯೆತ್ತಿದ. ಬಟ್ಟೆಯ ಮಾತನ್ನು ಅವಳು ಅವನಿಗೂ ಹೇಳಿರಲಿಲ್ಲ. ಸೂತಕದ ಬಟ್ಟೆಯನ್ನು ಬಿಚ್ಚಿದಂತೆಯೇ ಮಡಿಸಿ ಪೆಟಾರಿಯಲ್ಲಿಟ್ಟರೆ ವರ್ಷ ತುಂಬುವವರೆಗೆ ಒಗೆಯುವಂತಿಲ್ಲ, ಕೊಡವುವಂತಿಲ್ಲ, ತೆರೆಯುವಂತೆಯೂ ಇಲ್ಲ. ಅಂಥದ್ದನ್ನು ನ್ಯಾಯಾಲಯಕ್ಕೆ ಎಳೆಯುವ ಯೋಚನೆಯೇ ಅವಳಿಗೆ ಬಂದಿರಲಿಲ್ಲ. ಈಗ, ಸಾಕ್ಷಿಯ ಕಟಕಟೆಯಲ್ಲಿ, ಬೆರಳುಗಳಿಗೆ ಏನೋ ನೆನಪಾಯಿತು. ಆ ಸಂಜೆ ಮಬ್ಬುಗತ್ತಲೆಯಲ್ಲಿ ಮಡಿಸುವಾಗ ಬಟ್ಟೆ ಒರಟೊರಟಾಗಿ ಕೈಗೆ ತಗುಲಿತ್ತು. ದಾರಿಯ ಧೂಳೆಂದುಕೊಂಡಿದ್ದಳು.

ನ್ಯಾಯಾಧೀಶ ಇದೇ ಬೆಟ್ಟದಲ್ಲಿ ಬೆಳೆದವನು. "ಮಿಸ್ ಅಲ್ಮೀಡಾ, ವರ್ಷ ತುಂಬಿಲ್ಲ. ತೆರೀಲೇಬೇಕು ಅಂತ ನಾನು ಹೇಳಲ್ಲ" ಎಂದ.

ಅಲ್ಮೀಡಾ ನ್ಯಾಯಾಧೀಶನತ್ತ ತಿರುಗಿದಳು. "ಯಾರ ಮನಸ್ಸು ನೋಯುತ್ತೆ ಅಂತ ಮುಚ್ಚಿಟ್ಟಿದ್ನೋ ಆ ಜೇನೇ ಈಗಿಲ್ಲ. ಪೋಸಿ ಬೇಡ ಅನ್ನೋನಲ್ಲ. ತರ್ಸಿ, ಸ್ವಾಮಿ."

ಮಧ್ಯಾಹ್ನದ ಊಟದ ಹೊತ್ತಿಗೆ ನ್ಯಾಯಾಲಯದ ಷೆರಿಫ್‌ನ ಆಳು ಬೀಗ ಹಾಕಿದ್ದ ಪೆಟಾರಿಯನ್ನೇ ಹೊತ್ತು ತಂದ. ಕೀಲಿ ಅಲ್ಮೀಡಾಳ ಕೊರಳಲ್ಲಿತ್ತು. ಎಲ್ಲರ ಎದುರು ಅವಳು ಮೊದಲ ಬಟ್ಟೆಯನ್ನು ಮೇಜಿನ ಮೇಲೆ ಬಿಡಿಸಿದಳು. ಮಡಿಕೆಗಳಿಂದ ಬೂದುಬಿಳಿ ಪುಡಿ ಉದುರಿತು. ಆ ಪುಡಿಯೊಳಗೆ, ಇಬ್ಬನಿಗೆ ಅಂಟಿ ಒಣಗಿದ, ಅಂಚಿನಲ್ಲಿ ಇನ್ನೂ ನಸುಗೆಂಪು ಉಳಿದಿದ್ದ ಸೇಬಿನ ಹೂವಿನ ಎಸಳುಗಳು. ಎರಡನೆಯದರಲ್ಲೂ ಅದೇ, ಮೂರನೆಯದರಲ್ಲೂ. ಪೋಸಿಯ ಸಾವಿಗೂ ಅವನ ಮಣ್ಣಿಗೂ ನಡುವೆ ಬಿಟ್ಟರೆ ಆ ಬಟ್ಟೆಗಳು ಬಯಲಿನ ಗಾಳಿ ಕಂಡಿರಲಿಲ್ಲ.

ಥೇಯರ್ ಎದ್ದು ಆಕ್ಷೇಪಣೆ ಎಂದ. ನ್ಯಾಯಾಧೀಶ ಕನ್ನಡಕದ ಮೇಲಿಂದ ನೋಡಿ, "ತೋರ್ಸಿ ಅಂದೋರು ನೀವೇ ಅಲ್ವೇ, ಥೇಯರ್ ಅವ್ರೇ?" ಎಂದ. ಇದನ್ನು ಹೇಳುವಾಗ ಹೋಬರ್ಟ್ ಸೌಟನ್ನು ಕೊಪ್ಪರಿಗೆಯ ಅಂಚಿಗೆ ಒಮ್ಮೆ ಬಡಿದ.

ಹೇಲನ ಉಗ್ರಾಣದ ಮೂಟೆಗಳಲ್ಲಿದ್ದದ್ದೂ ಅದೇ ವಿಷವೆಂದು ಕೃಷಿ ಕಾಲೇಜಿನವರು ಪರೀಕ್ಷಿಸಿ ಹೇಳಿದರು. ಜ್ಯೂರಿ ಒಳಗೆ ಹೋದದ್ದೇ ತಡ, ಹೊರಬಂತು. ತೀರ್ಪು ಅಲ್ಮೀಡಾಳ ಕಡೆಗೆ. ಹೇಲ್ ಪೂರ್ತಿ ನಷ್ಟ ತುಂಬಿಕೊಡಬೇಕೆಂದಾಯಿತು. ಅವಳು ಮಾತ್ರ ಕುಳಿತಲ್ಲಿಂದ ಏಳದೆ, ಯಾರ ತಪ್ಪಿನಿಂದ ಸತ್ತವೆಂಬುದನ್ನು ಇನ್ನೊಮ್ಮೆ ಹೇಳಿಸಬಹುದೇ ಎಂದು ನ್ಯಾಯಾಧೀಶನನ್ನು ಕೇಳಿಕೊಂಡಳು. ಜ್ಯೂರಿಯ ಹಿರಿಯ ಎದ್ದುನಿಂತು, ಹಿಂದಿನ ಬೆಂಚಿಗೂ ಕೇಳುವಂತೆ, "ಹೇಲನ ತಪ್ಪು. ನಿಮ್ಮದು ಎಳ್ಳಷ್ಟೂ ಇಲ್ಲ, ಮಿಸ್ ಅಲ್ಮೀಡಾ" ಎಂದ. ಗಿರಣಿಯವರೂ ಚರ್ಚಿನವರೂ ಟೋಪಿ ತೆಗೆದು ಅವಳಿಗೆ ದಾರಿ ಬಿಟ್ಟರು.

ಆ ಏಪ್ರಿಲಿನಲ್ಲಿ ಹೋಬರ್ಟ್ ತನ್ನದೊಂದು ಜೇನುಹಿಂಡನ್ನು ಗಾಡಿಯಲ್ಲಿಟ್ಟು ಅವಳ ಅಂಗಳಕ್ಕೆ ಒಯ್ದ. ಅವನಿಗಿಂತ ಮುಂಚೆಯೇ ಅಲ್ಲಿ ಬೇರೆಯವರ ಪೆಟ್ಟಿಗೆಗಳು ಸಾಲಾಗಿ ಕುಳಿತಿದ್ದವು. ಅಲ್ಮೀಡಾ ಒಂದೊಂದನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ, ಬಾಗಿ ಹೇಳುತ್ತಿದ್ದಳು:

"ಕೇಳ್ರಪ್ಪಾ. ನಾವು ಗೆದ್ವಿ."

ಕಥೆ ಮುಗಿಯುವಷ್ಟರಲ್ಲಿ ಕೊಪ್ಪರಿಗೆಯ ಪಾಕ ಹದಕ್ಕೆ ಬಂದಿತ್ತು. ಹೋಬರ್ಟ್ ಒಲೆಯಿಂದ ಕೊಳ್ಳಿಗಳನ್ನು ಹೊರಗೆಳೆದ. ಕೇಳುತ್ತಿದ್ದವರು ತಂತಮ್ಮ ಡಬ್ಬಿಗಳನ್ನು ತುಂಬಿಸಿಕೊಂಡು, ಬೆರಳು ನೆಕ್ಕುತ್ತ, ಇನ್ನೂ ಬೆಳಕಿರುವಾಗಲೇ ಇಳಿಜಾರಿನಲ್ಲಿ ಮನೆಗಳತ್ತ ನಡೆದರು.