ಬಲ್ಬಿನ ಹಿಂದೆ ಕೂತ ಇಸ್ತ್ರಿ ಪೆಟ್ಟಿಗೆ

ನಮ್ಮ ಭಾವ ಕೈ ಹಾಕಿದ ಕೆಲಸ ಕೆಡುವುದೇ ಇಲ್ಲ. ಕೆಡಬೇಕಾದರೆ ಮೊದಲು ಅದು ಆಗಬೇಕಲ್ಲ!

ಅಕ್ಕ ಹೊಲಿಗೆ ಅಂಗಡಿ ಹಾಕಿದಾಗ ವೈರಿಂಗ್ ನಾನೇ ಮಾಡುತ್ತೇನೆಂದು ಭಾವ ಹಟ ಹಿಡಿದರು. ವೈರು ದಂಡ ಮಾಡಬಾರದೆಂದು ಮೇನ್ ಸ್ವಿಚ್ಚಿನಿಂದ ಬಲ್ಬಿಗೆ, ಬಲ್ಬಿನಿಂದ ಇಸ್ತ್ರಿ ಪೆಟ್ಟಿಗೆಗೆ, ಅಲ್ಲಿಂದ ವಾಪಸ್ ಮೇನಿಗೆ, ಮಣಿ ಪೋಣಿಸಿದ ಹಾಗೆ ಒಂದೇ ಎಳೆ ಎಳೆದರು. ಹೊಲಿಗೆ ಮಿಷನ್ನು ಕಾಲಲ್ಲಿ ತುಳಿಯುವಂಥದ್ದು, ಹಾಗಾಗಿ ಬಚಾವಾಯಿತು.

ಮೊದಲ ದೊಡ್ಡ ಆರ್ಡರು ಬ್ಯಾಂಡಿನವರ ಕೋಟುಗಳದ್ದು. ಸಂಜೆಗೆ ಇಸ್ತ್ರಿಯಾಗಿ ಸಿಗದಿದ್ದರೆ ಎದುರಂಗಡಿ ಟೈಲರಿಗೇ ಕಾಯಂ ಆಗಿ ಕೊಡುತ್ತೇವೆಂದು ಬ್ಯಾಂಡ್ ಮಾಸ್ಟರು ಹೇಳಿ ಹೋಗಿದ್ದರು. ಆ ಟೈಲರು ಬೆಳಿಗ್ಗೆಯಿಂದಲೇ ಬಾಗಿಲಲ್ಲಿ ನಿಂತು ನಮ್ಮ ಕಡೆ ಹಲ್ಲು ಕಿರಿಯುತ್ತಿದ್ದ.

ಅಕ್ಕ ಸ್ವಿಚ್ ಹಾಕಿದಳು. ಬಲ್ಬು ಜಗಜಗ ಉರಿಯಿತು. ಇಸ್ತ್ರಿ ಪೆಟ್ಟಿಗೆ ಮಾತ್ರ ಎಷ್ಟು ತಣ್ಣಗಿತ್ತೆಂದರೆ, ಬೆಚ್ಚಗಿರುತ್ತದೆಂದು ಅದರ ಮೇಲೆ ಮಲಗಿದ ಬೆಕ್ಕು ಸೀನುತ್ತಾ ಎದ್ದು ಹೋಯಿತು.

"ಬಲ್ಬು ಮುಂದೆ ಕೂತು ಕರೆಂಟೆಲ್ಲಾ ತಿಂದುಬಿಡ್ತಿದೆ ಕಣೇ," ಎಂದರು ಭಾವ. "ಪೆಟ್ಟಿಗೇನ ಮುಂದಕ್ಕೆ ತರ್ತೀನಿ, ಬಲ್ಬು ಹಿಂದೆ ಇರ್ಲಿ."

"ಅದೇನು ಬಸ್ಸಿನ ಸೀಟಾ, ಮುಂದೆ ಹಿಂದೆ ಕೂರ್ಸೋಕೆ?"

"ನಿನಗೇನು ಗೊತ್ತಾಗುತ್ತೆ, ಸುಮ್ನಿರು."

ಮಧ್ಯಾಹ್ನದವರೆಗೂ ಕಿತ್ತು ಕಟ್ಟಿ ಮುಂದಿನದನ್ನು ಹಿಂದೆ ಮಾಡಿದರು. ಬಲ್ಬು ಜಗಜಗ, ಪೆಟ್ಟಿಗೆ ತಣ್ಣಗೆ. ಬಲ್ಬಿನೊಳಗಿನ ಕೂದಲೆಳೆಯಂಥ ತಂತಿಯಲ್ಲಿ ಎಷ್ಟು ಕರೆಂಟು ನುಸುಳುತ್ತದೋ ಪೆಟ್ಟಿಗೆಗೂ ಅಷ್ಟೇ. ಒಂದೇ ದಾರಿಯಲ್ಲಿ ಯಾರು ಮುಂದಿದ್ದರೇನು! ಭಾವನಿಗೆ ಇದನ್ನು ಹೇಳುವ ಧೈರ್ಯ ಯಾರಿಗಿದೆ?

"ಹಾಗಾದ್ರೆ ಆ ಹೊಟ್ಟೆಬಾಕ ಬಲ್ಬನ್ನೇ ತೆಗೀರಿ," ಎಂದಳು ಅಕ್ಕ.

ತೆಗೆದರು. ಈಗ ಬೆಳಕೂ ಇಲ್ಲ, ಬಿಸಿಯೂ ಇಲ್ಲ. ಭಾವನ ಮುಖದಲ್ಲಿದ್ದ ಕಳೆಯೂ ಇಲ್ಲ. ಎದುರಂಗಡಿ ಟೈಲರು ಖುಷಿಗೆ ಟೀ ತರಿಸಿಕೊಂಡ.

"ಕರೆಂಟಿಗೆ ಸುಸ್ತಾಗಿದೆ," ಎಂದರು ಭಾವ.

"ಸುಸ್ತಾಗಿರೋದು ನನಗೆ! ನಡುವೆ ದಾರೀನೇ ಕಿತ್ತಿಟ್ಟು ಬಾ ಅಂದ್ರೆ ಅದು ಹಾರಿ ಬರುತ್ತಾ? ಮೇನ್ ಆಫ್ ಮಾಡಿ, ಹೋಲ್ಡರ್ ಬಿಚ್ಚಿ, ಆ ಎರಡು ತುದೀನ ಸೇರಿಸಿ."

"ಹಾಗೆಲ್ಲಾ ಸೇರಿಸಿದ್ರೆ ಊರೇ ಸುಟ್ಟುಹೋಗುತ್ತೆ!"

"ಪೆಟ್ಟಿಗೆ ನಡುವೆ ಇದೆಯಲ್ರೀ, ಏನೂ ಆಗಲ್ಲ. ಸುಡ್ಲಿ ಅಂತಾನೇ ತಾನೇ ಅದನ್ನ ತಂದಿರೋದು!"

ಭಾವ ಗೊಣಗುತ್ತಲೇ ಸೇರಿಸಿ, ಮೇಲೆ ಟೇಪು ಸುತ್ತಿದರು. ಮೇನ್ ಹಾಕಿದ್ದೇ ತಡ, ಪೆಟ್ಟಿಗೆ ಎಷ್ಟು ಕಾಯಿತೆಂದರೆ, ಕೋಟಿನ ಸುಕ್ಕು ಅದು ಬರುವುದನ್ನು ನೋಡಿಯೇ ಓಡಿಹೋಯಿತು. ಬೆಳಕಿರುವಷ್ಟರಲ್ಲಿ ಮುಗಿಸಬೇಕೆಂದು ಅಕ್ಕ ಮೇಜನ್ನು ಬಾಗಿಲಿಗೆ ಎಳೆದು, ತಲೆ ಎತ್ತದೆ ತೀಡಿದಳು.

ಬ್ಯಾಂಡ್ ಮಾಸ್ಟರು ಬರುವ ಹೊತ್ತಿಗೆ ಅಂಗಡಿಯೊಳಗೆಲ್ಲಾ ಮಬ್ಬು. ಕೊನೆಯ ಕೋಟಿನ ಕಾಲರಿಗೆ ಅವರೇ ಟಾರ್ಚ್ ಹಿಡಿದರು. ಕೋಟು ತೊಟ್ಟು, ತೋಳು ನೀವಿ ನೋಡಿ, "ಇನ್ಮೇಲೆ ನಮ್ದೆಲ್ಲಾ ನಿಮಗೇ ಕಣಮ್ಮ," ಎಂದರು. ಎದುರಂಗಡಿಯ ಬಾಗಿಲು ದಡಾರನೆ ಮುಚ್ಚಿತು.

ಹೊರಡುವ ಮುನ್ನ ಮಾಸ್ಟರು ಛಾವಣಿಯತ್ತ ಟಾರ್ಚ್ ಬಿಟ್ಟು, "ಯಾರು ಮಾಡಿದ್ದಮ್ಮ ಈ ವೈರಿಂಗು?" ಎಂದರು.

ಭಾವ ಎದೆಯುಬ್ಬಿಸಿ ಮುಂದೆ ಬಂದರು. "ನಾನೇ ಸಾರ್. ನಿಮ್ಮನೇಲೂ ಮಾಡ್ಕೊಡ್ಲಾ?"

"ಕರ್ಕೊಂಡು ಹೋಗಿ ಸಾರ್," ಎಂದಳು ಅಕ್ಕ, ಕೋಟುಗಳ ಗಂಟು ಕಟ್ಟುತ್ತಾ. "ವಾಪಸ್ ಕಳಿಸೋಕೆ ಅವಸರ ಏನಿಲ್ಲ."